ಭಾನುವಾರದ ಎದೆಯುರಿ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 64 ವರ್ಷ. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್ 75, ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ 5, ಕೊಲೆಸ್ಟರಾಲ್ ಮಾತ್ರೆ ನಡೆದಿವೆ. ಮೂಳೆ ಟೊಳ್ಳಾಗುತ್ತಿದೆ ಎಂದು ನಾಲ್ಕು ತಿಂಗಳಿಂದ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಯನ್ನು ವಾರಕ್ಕೊಂದರಂತೆ ಕೊಟ್ಟಿದ್ದಾರೆ. ಭಾನುವಾರ ಬೆಳಗ್ಗೆ ಐದೂವರೆಗೆ ಕಾಫಿಯ ಜೊತೆ ನುಂಗಿ ಮತ್ತೆ ಸ್ವಲ್ಪ ಮಲಗುತ್ತೇನೆ. ಮಂಡಿನೋವು ಹೆಚ್ಚಾದ ದಿನ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಒಂದು. ಈಗ ಎದೆಯುರಿ, ಹುಳಿತೇಗು. ಭಾನುವಾರ, ಸೋಮವಾರವಂತೂ ಅನ್ನ ನುಂಗುವಾಗ ಎದೆಯ ನಡುವೆ ಹಿಡಿದಂತಾಗುತ್ತದೆ. ಉರಿ ಬಂದಾಗ ಪ್ಯಾಂಟೊಪ್ರಜೋಲ್ ನುಂಗಿದರೂ ಪ್ರಯೋಜನವಿಲ್ಲ. ಇಂಗ್ಲಿಷ್ ಔಷಧವೆಲ್ಲ ಉಷ್ಣ, ಎಲ್ಲ ಬಿಟ್ಟು ಜ್ಯೇಷ್ಠಮಧುವಿನ ಕಷಾಯ ಕುಡಿ ಎನ್ನುತ್ತಾರೆ ನನ್ನ ಅಕ್ಕ. ಬಿಡಲೇ?
— ನಿವೃತ್ತ ಶಿಕ್ಷಕಿ, ತಿಪಟೂರು

ಉತ್ತರ: ಮೇಡಂ, ಹಾಜರಿ ಪುಸ್ತಕ ಬರೆದ ಕೈ ಎಂದು ನಿಮ್ಮ ಪತ್ರ ನೋಡಿದರೇ ತಿಳಿಯುತ್ತದೆ. ನನಗೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ‘ಒಂದು ಬಿಳಿ ಮಾತ್ರೆ, ಒಂದು ಸಣ್ಣ ಮಾತ್ರೆ’ ಎಂದಷ್ಟೇ ಇರುತ್ತದೆ. ನೀವು ವಾರ, ಗಂಟೆ, ಕಾಫಿ ಎಲ್ಲವನ್ನೂ ಬರೆದಿದ್ದರಿಂದಲೇ ಕಳ್ಳ ಸಿಕ್ಕಿಬಿದ್ದ.

ಅಲೆಂಡ್ರೊನೇಟ್ ಮೂಳೆಗೆ ಒಳ್ಳೆಯದು, ಅನ್ನನಾಳಕ್ಕೆ ಬೆಂಕಿ. ಹೊಟ್ಟೆಗೆ ಇಳಿಯದೆ ದಾರಿಯಲ್ಲಿ ಅಂಟಿ ಕುಳಿತರೆ ಕುಳಿತಲ್ಲೇ ಹುಣ್ಣು ಮಾಡುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರೀ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಕುಳಿತೋ ನಿಂತೋ ಇರಬೇಕು. ಆ ಅರ್ಧ ಗಂಟೆ ಬೇರೇನನ್ನೂ ಬಾಯಿಗೆ ಹಾಕಬಾರದು. ನೀವು ಮಲಗಿದಿರಿ, ಮಾತ್ರೆಯೂ ನಿಮ್ಮ ಜೊತೆ ಅನ್ನನಾಳದಲ್ಲೇ ಮಲಗಿತು. ಇನ್ನು ಕಾಫಿ: ಅದರ ಜೊತೆ ನುಂಗಿದರೆ ಮೈಗೆ ಹತ್ತಬೇಕಾದ ಔಷಧದಲ್ಲಿ ಸುಮಾರು ಶೇ 60ರಷ್ಟು ಹತ್ತುವುದೇ ಇಲ್ಲ. ನಾಲ್ಕು ತಿಂಗಳು ಮೂಳೆಗೆ ಸೇರಿದ್ದು ಕಡಿಮೆ, ಎದೆ ಸುಟ್ಟಿದ್ದೇ ಹೆಚ್ಚು.

ನಿಮ್ಮನ್ನು ಗದರಿಸುವ ಯೋಗ್ಯತೆ ನನಗಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ರಾತ್ರಿ ಎರಡು ಗಂಟೆಗೆ ಒಂದು ಹೆರಿಗೆ ಮುಗಿಸಿ ಬಂದು, ನನಗೆ ನಡೆಯುತ್ತಿದ್ದ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಉಗುಳಿನಲ್ಲೇ ನುಂಗಿ ಮಲಗಿದ್ದೆ. ಹೂಜಿ ಇದ್ದದ್ದು ನಾಲ್ಕು ಹೆಜ್ಜೆ ಆಚೆ. ಬೆಳಗ್ಗೆ ಎದ್ದರೆ ಎದೆಮೂಳೆಯ ಹಿಂದೆ ಕೆಂಡವಿಟ್ಟ ಹಾಗೆ. ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ಆರು ದಿನ ತಣ್ಣನೆಯ ಗಂಜಿ ಕುಡಿದೆ. ಕಬ್ಬಿಣಾಂಶದ ಮಾತ್ರೆ, ಪೊಟ್ಯಾಸಿಯಂ ಮಾತ್ರೆ ಕೂಡ ಇದೇ ಜಾತಿಯವು. ಒಣಗಂಟಲಿನಲ್ಲಿ ಇಳಿಸಿ ಮಲಗಿದವರನ್ನು ಬಿಡುವುದಿಲ್ಲ.

ಆದ್ದರಿಂದ ಬರುವ ಭಾನುವಾರದ ಮಾತ್ರೆ ಬೇಡ. ಒಂದೆರಡು ವಾರ ತಪ್ಪಿದರೆ ಮೂಳೆಗೆ ನಷ್ಟವಿಲ್ಲ. ಈ ಔಷಧ ಮೂಳೆಯೊಳಗೆ ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ನುಂಗುವಾಗ ಹಿಡಿಯುತ್ತದೆ ಎಂದು ಬರೆದಿದ್ದೀರಲ್ಲ, ಅದು ಕಾಯುವ ಲಕ್ಷಣ ಅಲ್ಲ. ಈ ವಾರವೇ ವೈದ್ಯರಿಗೆ ತೋರಿಸಿ. ಎಂಡೋಸ್ಕೊಪಿ ಬೇಕೆಂದರೆ ಮಾಡಿಸಿಕೊಳ್ಳಿ. ಅನ್ನನಾಳ ಈ ಮಾತ್ರೆಯನ್ನು ತಾಳುವುದಿಲ್ಲ ಎಂದಾದರೆ, ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲ ಇದೆ, ಕೇಳಿ ನೋಡಿ.

ಎರಡನೆಯ ಕಳ್ಳ ಡೈಕ್ಲೋಫೆನಾಕ್. ಹೊಟ್ಟೆಯ ಒಳಪದರವನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿದೆ. ನೋವು ಇಳಿಸುವ ಭರದಲ್ಲಿ ಈ ಮಾತ್ರೆ ಅದನ್ನೂ ಇಳಿಸುತ್ತದೆ. ಆಸ್ಪಿರಿನ್ ಮಾಡುವುದೂ ಅದನ್ನೇ. ಎರಡೂ ಸೇರಿದರೆ ರಕ್ತಸ್ರಾವದ ಭಯ. ಅದಕ್ಕಿಂತ ಮುಖ್ಯವಾಗಿ, ಸ್ಟೆಂಟ್ ಹಾಕಿಸಿಕೊಂಡವರು ಡೈಕ್ಲೋಫೆನಾಕ್ ಮುಟ್ಟಬಾರದು. ಹೃದಯಾಘಾತದ ಅಪಾಯ ಏರುತ್ತದೆ, ರಕ್ತದೊತ್ತಡವೂ ಏರುತ್ತದೆ. ಚೀಟಿ ಇಲ್ಲದೆ ಮಾರಕೂಡದ ಮಾತ್ರೆ ಅದು, ಆದರೂ ಪೆಪ್ಪರಮಿಂಟಿನ ಹಾಗೆ ಸಿಗುತ್ತದೆ. ಇದೇ ಔಷಧ ಕೊಟ್ಟ ದನದ ಹೆಣ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವೆಂದು, ಪಶುಗಳಿಗೆ ಬಳಸುವುದನ್ನು ಸರ್ಕಾರ 2006ರಲ್ಲಿ ನಿಲ್ಲಿಸಿತು. ಮನುಷ್ಯರ ವಿಷಯದಲ್ಲಿ ಇಷ್ಟು ಕಾಳಜಿ ಬರುವುದು ಯಾವಾಗಲೋ!

ಮಂಡಿಗೆ ಸದ್ಯ ಪ್ಯಾರಸಿಟಮಾಲ್ ಸಾಕೇ ಎಂದು ವೈದ್ಯರನ್ನು ಕೇಳಿ. ಬಿಸಿನೀರಿನ ಕಾವು ಕೊಡಿ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, ಹತ್ತು ಎಣಿಸಿ ಇಳಿಸಿ, ಆಮೇಲೆ ಇನ್ನೊಂದು. ತೊಡೆಯ ಮಾಂಸಖಂಡ ಗಟ್ಟಿಯಾದರೆ ಮಂಡಿಯ ಭಾರ ಇಳಿಯುತ್ತದೆ.

ಆಸ್ಪಿರಿನ್ ಮಾತ್ರ ಒಂದು ದಿನವೂ ನೀವಾಗಿ ಬಿಡಬೇಡಿ, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಆಮ್ಲೋಡಿಪಿನ್ ಅನ್ನನಾಳದ ಕೆಳಬಾಗಿಲನ್ನು ತುಸು ಸಡಿಲಿಸುವುದುಂಟು, ಬದಲಿಸುವ ಮಾತು ಆಮೇಲೆ. ಪ್ಯಾಂಟೊಪ್ರಜೋಲನ್ನು ಉರಿ ಹತ್ತಿದ ಮೇಲೆ ನುಂಗಿದರೆ ಮನೆ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ. ತಿಂಡಿಗೆ ಅರ್ಧ ಗಂಟೆ ಮೊದಲು, ಹೇಳಿದಷ್ಟು ದಿನ, ದಿನವೂ ತೆಗೆದುಕೊಂಡರೆ ಕೆಲಸ ಮಾಡುತ್ತದೆ.

ಈಗ ಅಕ್ಕನವರ ಕಷಾಯ. ಅವರ ಮಾತನ್ನು ನಗೆಯಾಡುವುದಿಲ್ಲ. 1940ರ ದಶಕದಲ್ಲಿ ನೆದರ್ಲೆಂಡ್ಸಿನ ವೈದ್ಯರೊಬ್ಬರು ಹೊಟ್ಟೆಹುಣ್ಣಿಗೆ ಜ್ಯೇಷ್ಠಮಧು ಕೊಟ್ಟು ಗುಣ ಕಂಡರು. ಅದರಿಂದಲೇ ಮುಂದೆ ಕಾರ್ಬೆನೊಕ್ಸೊಲೋನ್ ಎಂಬ ಮಾತ್ರೆಯೂ ಬಂತು. ಆದರೆ ಅದೇ ರೋಗಿಗಳಲ್ಲಿ ಕೆಲವರ ಮೈ ಊದಿಕೊಂಡಿತು. ಜ್ಯೇಷ್ಠಮಧು ಉಪ್ಪು, ನೀರನ್ನು ದೇಹದಲ್ಲಿ ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ, ರಕ್ತದೊತ್ತಡ ಏರಿಸುತ್ತದೆ. ನಿಮ್ಮಂಥವರಿಗೆ ದಿನವೂ ಲೋಟಗಟ್ಟಲೆ ಖಂಡಿತ ಬೇಡ. ಅಡುಗೆ ಸೋಡಾಕ್ಕೆ ನಿಂಬೆ ಹಿಂಡಿ ಕುಡಿಯುವ ಉಪಾಯವೂ ಬೇಡ, ಅದರಲ್ಲಿರುವುದು ಸೋಡಿಯಂ. ಪುದೀನ ಕೆಲವರಿಗೆ ಉರಿ ಹೆಚ್ಚಿಸುತ್ತದೆ. ಜೀರಿಗೆ ನೀರು, ಊಟಕ್ಕೆ ತಿಳಿಮಜ್ಜಿಗೆ ಹಿತವೆನಿಸಿದರೆ ಧಾರಾಳವಾಗಿ ಕುಡಿಯಿರಿ, ಯಾವ ಮಾತ್ರೆಯ ಬದಲಿಗೂ ಬೇಡ.

ನಾನು ನಂಬುವ ನಾಟಿ ಔಷಧವೆಂದರೆ ಇಟ್ಟಿಗೆ. ಮಂಚದ ತಲೆಭಾಗದ ಎರಡು ಕಾಲುಗಳ ಕೆಳಗೆ ಆರೇಳು ಇಂಚು ಎತ್ತರ ಕೊಡಿ, ಅಲುಗಾಡದಂತೆ. ಎರಡು ದಿಂಬು ಹಾಕಿದರೆ ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚುತ್ತದೆ, ಉರಿ ಹೋಗುವುದಿಲ್ಲ. ಎಡಮಗ್ಗುಲಿಗೆ ಮಲಗಿ, ಆಗ ಹೊಟ್ಟೆಯ ಚೀಲ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಧಾರಾವಾಹಿ ಮುಗಿದ ಮೇಲೆ ಊಟ, ಊಟವಾದ ಕೂಡಲೇ ಹಾಸಿಗೆ ಎನ್ನುವುದು ನಮ್ಮ ಮನೆಗಳ ಪದ್ಧತಿ. ಮೂರು ಗಂಟೆ ಅಂತರವಿರಲಿ.

ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಅಥವಾ ಉರಿಯ ಜೊತೆ ಬೆವರು, ಏದುಸಿರು, ದವಡೆಗೋ ತೋಳಿಗೋ ಹರಿಯುವ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ವೈದ್ಯರಲ್ಲಿಗೆ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಕೈಚೀಲಕ್ಕೆ ಸುರಿದುಕೊಂಡು ಹೋಗಿ ಮೇಜಿನ ಮೇಲೆ ಹರಡಿ. ಅಂಗಡಿಯ ಡೈಕ್ಲೋಫೆನಾಕ್ ಪಟ್ಟಿಯೂ ಅದರಲ್ಲಿರಲಿ. ಅದೊಂದನ್ನು ಮಾತ್ರ ಎಲ್ಲರೂ ಮನೆಯಲ್ಲೇ ಬಿಟ್ಟು ಬರುತ್ತಾರೆ.