ಹೊಸ ತೆರಿಗೆ ಇಲ್ಲ, ಮತ್ತೆ ಖರ್ಚು ಯಾಕೆ ಏರಿತು?

ಪ್ರಶ್ನೆ: ಹೊಸ ತೆರಿಗೆ ಹಾಕಿಲ್ಲ ಅಂತ ಸರ್ಕಾರದವರು ಹೇಳುತ್ತಾರೆ. ನಮ್ಮಣ್ಣ 2023ರ ಬೇಸಿಗೆಯಲ್ಲಿ ಸೈಟು ತಗೊಂಡ. ಪಕ್ಕದ್ದೇ ಸೈಟು ಈಗ ನಾನು ಕೊಳ್ಳೋಕೆ ಹೊರಟರೆ ನೋಂದಣಿ ಖರ್ಚೇ ಅರ್ಧ ಲಕ್ಷದ ಮೇಲೆ ಜಾಸ್ತಿ. ಇದು ಹೇಗೆ ಸ್ವಾಮಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಪತ್ರ ಬರೆದೇ ಬದುಕಿದವನು ನಾನು. ನಿಮ್ಮ ಪ್ರಶ್ನೆಯನ್ನ ದಿನಾ ಕೇಳಿಸಿಕೊಂಡಿದ್ದೇನೆ.

ಲೆಕ್ಕ ನೋಡಿ. ಮುದ್ರಾಂಕ ಶುಲ್ಕ ಆಗಲೂ ಶೇ 5, ಈಗಲೂ ಶೇ 5. ಸೆಸ್ಸು, ಸರ್‌ಚಾರ್ಜು ಸೇರಿದರೆ ಪಟ್ಟಣದಲ್ಲಿ ಶೇ 5.6. ಏರಿದ್ದು ಬೇರೆ ಎರಡು. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಲೆಕ್ಕ ಹಿಡಿಯೋ ಕನಿಷ್ಠ ಬೆಲೆ, ಪರಿಷ್ಕರಿಸಿದರು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಹೋಯಿತು. ನಿಮ್ಮಣ್ಣನ ಸೈಟಿಗೆ ಮಾರ್ಗಸೂಚಿ ದರದಲ್ಲಿ 20 ಲಕ್ಷ ಇತ್ತು ಅಂದುಕೊಳ್ಳಿ. 5.6ಕ್ಕೆ ನೋಂದಣಿ ಶುಲ್ಕ 1 ಸೇರಿ ಶೇ 6.6ರಂತೆ 1,32,000 ರೂಪಾಯಿ. ಅದೇ ಅಳತೆಯ ನಿಮ್ಮ ಸೈಟು ಈಗ 25 ಲಕ್ಷ ಆಗಿದ್ದರೆ, ಶೇ 7.6ರಂತೆ 1,90,000.

ಇದರಲ್ಲಿ ಹೊಸ ತೆರಿಗೆ ಎಲ್ಲಿದೆ? ಇಲ್ಲವೇ ಇಲ್ಲ, ಅಲ್ವಾ! ಮಾರ್ಗಸೂಚಿ ದರ ನಿಗದಿ ಮಾಡೋದು ಮೌಲ್ಯಮಾಪನ ಸಮಿತಿ. ನೋಂದಣಿ ಶುಲ್ಕ ಏರಿಸೋಕೆ ಒಂದು ಅಧಿಸೂಚನೆ ಸಾಕು. ಎರಡಕ್ಕೂ ವಿಧಾನಸಭೆಯಲ್ಲಿ ಮಸೂದೆ ಬೇಕಿಲ್ಲ. ನಿಮ್ಮ ಶಾಸಕರನ್ನ ಕೇಳಿದರೆ 'ನಾವು ತೆರಿಗೆ ಹಾಕಿಲ್ಲ' ಅಂತಾರೆ. ಅದು ಸುಳ್ಳೂ ಅಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಮೇಲೆ ಬಹುಪಾಲು ಸರಕಿನ ತೆರಿಗೆಯನ್ನ ರಾಜ್ಯ ತಾನೊಂದೇ ಏರಿಸೋ ಹಾಗಿಲ್ಲ. ಕೈಯಲ್ಲಿ ಉಳಿದದ್ದು ಮದ್ಯ, ಪೆಟ್ರೋಲ್, ಡೀಸೆಲ್, ವಾಹನ, ಕರೆಂಟು, ಆಸ್ತಿ ನೋಂದಣಿ. ಯಾವ ಪಕ್ಷ ಬಂದರೂ ದುಡ್ಡು ಬೇಕಾದಾಗ ಇಲ್ಲಿಗೇ ಬರಬೇಕು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84 ಆಯಿತು, ಲೀಟರಿಗೆ 3 ರೂಪಾಯಿ ಏರಿತು. ಲೋಕಸಭೆ ಫಲಿತಾಂಶ ಬಂದು ಎರಡು ವಾರವೂ ಆಗಿರಲಿಲ್ಲ!

ನನಗೆ ಬೇಜಾರಾಗೋದು ಸೈಟಿನ ವಿಷಯಕ್ಕಲ್ಲ. 2023ರ ಮುದ್ರಾಂಕ ತಿದ್ದುಪಡಿಯಲ್ಲಿ 20 ರೂಪಾಯಿ ಇದ್ದ ಅಫಿಡವಿಟ್ ಶುಲ್ಕ 100 ಆಯಿತು. ಅಫಿಡವಿಟ್ ಮಾಡಿಸೋಕೆ ಬರೋರು ಯಾರು? ಮಾರ್ಕ್ಸ್ ಕಾರ್ಡಲ್ಲಿ ಹೆಸರು ತಪ್ಪಾದ ಹುಡುಗ, ದಾಖಲೆ ಕಳಕೊಂಡ ಮುದುಕಿ. ಇದು ಮಾತ್ರ ಸದನದಲ್ಲೇ ಮಸೂದೆಯಾಗಿ ಪಾಸಾದದ್ದು. ಅವರ ಪರ ಯಾರಾದರೂ ತಕರಾರು ಎತ್ತಬಹುದಿತ್ತು.

ನಿಮಗೊಂದು ಮಾತು. ಅಡ್ವಾನ್ಸ್ ಕೊಡೋ ಮೊದಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಬೀದಿಯ ಮಾರ್ಗಸೂಚಿ ದರ ನೋಡಿಕೊಳ್ಳಿ. ನೀವು ಅದಕ್ಕಿಂತ ಕಡಿಮೆಗೆ ಕೊಂಡರೂ ಶುಲ್ಕ ಕಟ್ಟೋದು ಆ ದರಕ್ಕೇ. ಮುಂದಿನ ಸಲ ಕರಡು ದರ ಪ್ರಕಟಿಸಿ ಆಕ್ಷೇಪಣೆ ಕರೆದಾಗ ಒಂದು ಅರ್ಜಿ ಹಾಕಿ. ಹಾಕೋರು ತೀರಾ ಕಮ್ಮಿ.