ಗಡಿಯಾರದ ಮುಂದಿನ ಮೂರು ಗಂಟೆ, ಕುದುರೆಯ ಮೇಲಿನ ಉಳಿದ ದಿನ

ಪ್ರಶ್ನೆ: ನಾನು ತಾಲ್ಲೂಕು ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಎರಡು ವರ್ಷಗಳಿಂದ ಒಂದು ಕಾದಂಬರಿಯನ್ನು ಬರೆಯುತ್ತಿದ್ದೇನೆ. ಆಂಥನಿ ಟ್ರಾಲಪ್ ಎಂಬ ಇಂಗ್ಲಿಷ್ ಕಾದಂಬರಿಕಾರ ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಪ್ರತಿದಿನ ಬೆಳಗ್ಗೆ ಗಡಿಯಾರ ಮುಂದಿಟ್ಟುಕೊಂಡು ಬರೆಯುತ್ತಿದ್ದನೆಂದು ಓದಿ, ನಾನೂ ನಾಲ್ಕು ತಿಂಗಳು ಐದು ಗಂಟೆಗೆ ಎದ್ದು ಕುಳಿತೆ. ಬಹಳಷ್ಟು ದಿನ ಅರ್ಧ ಪುಟವೂ ಆಗಲಿಲ್ಲ, ಆದಷ್ಟರಲ್ಲಿ ಜೀವವಿಲ್ಲ. ಶಿಸ್ತೊಂದರಿಂದಲೇ ಕಾದಂಬರಿ ಹುಟ್ಟುತ್ತದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ನೀವು ಓದಿದ್ದು ನಿಜ. ಆದರೆ ಅದು ಅರ್ಧ ಭಾಗ ಮಾತ್ರ, ಮತ್ತು ನಿಮ್ಮ ಕಷ್ಟಕ್ಕೆ ಉತ್ತರವಿರುವುದು ಉಳಿದ ಅರ್ಧದಲ್ಲಿ.

ಮೊದಲು ಎಲ್ಲರಿಗೂ ತಿಳಿದಿರುವ ಭಾಗವನ್ನು ನೋಡೋಣ. ಟ್ರಾಲಪ್ 1834ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿದ. 1867ರವರೆಗೂ ಆ ಕೆಲಸವನ್ನು ಬಿಡಲಿಲ್ಲ. ಲಂಡನ್ ಬಳಿಯ ವಾಲ್ಥಮ್ ಕ್ರಾಸ್‌ನಲ್ಲಿ ನೆಲೆಸಿದ್ದಾಗ ಆತ ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಇರುತ್ತಿದ್ದ. ತನ್ನನ್ನು ಎಬ್ಬಿಸಿ ಕಾಫಿ ತಂದುಕೊಡುವುದಕ್ಕೆಂದೇ ಮನೆಯ ಹಳೆಯ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಾಗಿ ಕೊಡುತ್ತಿದ್ದ. ತನ್ನ ಯಶಸ್ಸಿಗಾಗಿ ತಾನು ಬೇರೆ ಯಾರಿಗಿಂತಲೂ ಆ ಮುದುಕನಿಗೆ ಹೆಚ್ಚು ಋಣಿ ಎಂದು ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು, ಆಮೇಲೆ ಹದಿನೈದು ನಿಮಿಷಕ್ಕೆ 250 ಪದಗಳಂತೆ ಬರೆಯುವುದು, ಒಟ್ಟು ಮೂರು ಗಂಟೆ ಮುಗಿದ ಮೇಲೆ ಉಡುಪು ಧರಿಸಿ ತಿಂಡಿಗೆ ಹೋಗುವುದು. ದಿನಕ್ಕೆ ಎಷ್ಟು ಪುಟವಾಯಿತೆಂದು ದಿನಚರಿಯಲ್ಲಿ ಗುರುತು ಹಾಕುತ್ತಿದ್ದ. ವಾರಕ್ಕೆ ಸರಾಸರಿ 40 ಪುಟ. ಹೀಗೆ ಬರೆದ ಕಾದಂಬರಿಗಳು 47. ಆತನ ಮರಣದ ಮರುವರ್ಷ, 1883ರಲ್ಲಿ, ಆತ್ಮಕಥೆ ಅಚ್ಚಾಗಿ ಈ ಲೆಕ್ಕಗಳೆಲ್ಲ ಹೊರಬಿದ್ದಾಗ, ಇವನು ಕಲಾವಿದನಲ್ಲ, ಕಾರ್ಖಾನೆ ಎಂದು ಮೂಗು ಮುರಿದವರು ಕಡಿಮೆಯೇನಿರಲಿಲ್ಲ. ಹಾಗೆಂದವರೂ ಅದನ್ನು ಮೆಚ್ಚಿ ಅನುಕರಿಸಹೊರಟ ನೀವೂ ನೋಡಿದ್ದು ಆ ಮೇಜನ್ನು ಮಾತ್ರವೇ ಎಂದು ನನಗೆ ತೋರುತ್ತದೆ.

ಅದೇ ಆತ್ಮಕಥೆಯಲ್ಲಿ ಆತ ತನ್ನ ಬಾಲ್ಯವನ್ನು ಹೇಳಿಕೊಂಡಿರುವ ಪುಟಗಳನ್ನು ದಯವಿಟ್ಟು ಗಮನವಿಟ್ಟು ಓದಿ. ತಂದೆ ವಕೀಲಿಯಲ್ಲೂ ಬೇಸಾಯದಲ್ಲೂ ಸೋತವನು. ಸಿರಿವಂತರ ಮಕ್ಕಳು ಕಲಿಯುವ ಹ್ಯಾರೋ ಶಾಲೆಗೆ ಈ ಹುಡುಗ ಕೆಸರು ಮೆತ್ತಿದ ಬಟ್ಟೆಯಲ್ಲಿ ನಡೆದು ಹೋಗಬೇಕಾಗಿತ್ತು. ಯಾರೂ ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಆಡಲು ಜೊತೆಯಿಲ್ಲದ ಹುಡುಗ ತನ್ನೊಳಗೇ ಗಾಳಿಗೋಪುರ ಕಟ್ಟತೊಡಗಿದ. ಆದರೆ ಅದಕ್ಕೂ ಆತ ಕಟ್ಟುಪಾಡುಗಳನ್ನು ವಿಧಿಸಿಕೊಂಡಿದ್ದ: ಒಂದೇ ಕಥೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನಸ್ಸಿನಲ್ಲಿ ಮುಂದುವರಿಸಬೇಕು, ಅದರಲ್ಲಿ ಅಸಾಧ್ಯವಾದದ್ದು ಏನೂ ನಡೆಯಕೂಡದು, ಕಥಾನಾಯಕ ತಾನೇ ಆಗಿದ್ದರೂ ರಾಜನಾಗಲಿ ಡ್ಯೂಕನಾಗಲಿ ಆಗಕೂಡದು. ಈ ಅಭ್ಯಾಸವಿಲ್ಲದಿದ್ದರೆ ತಾನು ಒಂದು ಕಾದಂಬರಿಯನ್ನಾದರೂ ಬರೆಯುತ್ತಿದ್ದೆನೋ ಇಲ್ಲವೋ ಎಂಬ ಸಂದೇಹವನ್ನು ಆತನೇ ವ್ಯಕ್ತಪಡಿಸಿದ್ದಾನೆ. ಬೆಳಗಿನ ಮೂರು ಗಂಟೆಗಳ ಹಿಂದೆ ಇಷ್ಟು ದೀರ್ಘವಾದ ಸಾಧನೆಯಿತ್ತು.

ನೌಕರಿಗೆ ಸೇರಿದ ಮೇಲೆ ಆ ಗೋಪುರಗಳಿಗೆ ಅಡಿಪಾಯವಾಗಿ ನಿಜವಾದ ನೆಲ ಸಿಕ್ಕಿತು. 1843ರಲ್ಲಿ ಐರ್ಲೆಂಡಿನ ಡ್ರಮ್‌ಸ್ನಾ ಎಂಬ ಊರಿಗೆ ಇಲಾಖೆಯ ಕೆಲಸದ ಮೇಲೆ ಹೋಗಿದ್ದಾಗ, ಸ್ನೇಹಿತನೊಡನೆ ನಡೆಯುತ್ತ ಹೋಗಿ ಪಾಳುಬಿದ್ದ ಒಂದು ಮನೆಯನ್ನು ಕಂಡ. ಕುಸಿದ ಗೋಡೆಗಳ ನಡುವೆ ನಿಂತಿದ್ದಾಗಲೇ ಮೊದಲ ಕಾದಂಬರಿಯ ಕಥೆ ಹೊಳೆಯಿತು. ಅದನ್ನು ಮುಗಿಸಲು ಆತನಿಗೂ ಸುಮಾರು ಎರಡು ವರ್ಷ ಹಿಡಿಯಿತು, ಮತ್ತು 1847ರಲ್ಲಿ ಪ್ರಕಟವಾದಾಗ ಯಾರೂ ಅದನ್ನು ಗಮನಿಸಲಿಲ್ಲ ಎಂಬುದನ್ನು ನಿಮಗೆ ವಿಶೇಷವಾಗಿ ಹೇಳಬಯಸುತ್ತೇನೆ. ಮುಂದೆ, ಹಳ್ಳಿಗಳಿಗೆ ಅಂಚೆ ಹಂಚುವ ದಾರಿಗಳನ್ನು ಗೊತ್ತುಮಾಡಲು ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳಲ್ಲಿ ಕುದುರೆಯ ಮೇಲೆ ಓಡಾಡುತ್ತಿದ್ದ ದಿನಗಳಲ್ಲಿ, ಬೇಸಿಗೆಯ ಒಂದು ಸಂಜೆ ಸಾಲ್ಸ್‌ಬರಿಯ ದೊಡ್ಡ ಇಗರ್ಜಿಯ ಸುತ್ತ ಅಡ್ಡಾಡುವಾಗ ‘ದ ವಾರ್ಡನ್’ ಕಾದಂಬರಿಯ ಕಲ್ಪನೆ ಮೂಡಿತು. ಆತ ಕೂಡಲೇ ಮೇಜಿಗೆ ಧಾವಿಸಲಿಲ್ಲ. ಬರೆಯಲು ತೊಡಗಿದ್ದು 1853ರ ಜುಲೈನಲ್ಲಿ, ಪುಸ್ತಕ ಬಂದದ್ದು 1855ರಲ್ಲಿ. ನಡುವಿನ ಕಾಲವೆಲ್ಲ ಆತ ಕುದುರೆಯ ಮೇಲೆ ಊರಿಂದೂರಿಗೆ ಹೋಗುತ್ತ, ಮನೆಮನೆಯ ಬಾಗಿಲಲ್ಲಿ ಜನರನ್ನು ಮಾತನಾಡಿಸುತ್ತ ಕಳೆದ. ಆ ಪುಸ್ತಕದಿಂದ ಮೊದಲ ಎರಡು ವರ್ಷಗಳಲ್ಲಿ ದೊರೆತದ್ದು ಇಪ್ಪತ್ತು ಪೌಂಡುಗಳಿಗಿಂತ ತುಸು ಹೆಚ್ಚು, ಅಷ್ಟೇ.

ಕಾದಂಬರಿಕಾರ ತನ್ನ ಪಾತ್ರಗಳ ಜೊತೆ ಬಾಳಬೇಕು, ರಾತ್ರಿ ಮಲಗುವಾಗಲೂ ಬೆಳಗ್ಗೆ ಏಳುವಾಗಲೂ ಅವು ಬಳಿಯಲ್ಲಿರಬೇಕು, ಅವನ್ನು ಪ್ರೀತಿಸಲೂ ದ್ವೇಷಿಸಲೂ ಅವುಗಳೊಡನೆ ಜಗಳವಾಡಲೂ ಕಲಿಯಬೇಕು ಎಂಬುದು ಟ್ರಾಲಪ್ ಬಿಟ್ಟುಹೋದ ಮಾತಿನ ಸಾರ. ಬರೆಯುವುದಕ್ಕಿಂತ ಯೋಚಿಸುವುದೇ ಕಷ್ಟದ ಕೆಲಸವೆಂದು, ಅದಕ್ಕೆ ಮರಗಳ ನಡುವಿನ ನಡಿಗೆ ಬೇಕೆಂದು 1879ರ ಒಂದು ಲೇಖನದಲ್ಲಿ ವಿವರವಾಗಿ ಬರೆದಿದ್ದಾನೆ. ಹದಿನೈದು ನಿಮಿಷಕ್ಕೆ 250 ಪದಗಳು ಬರಬೇಕಾದರೆ ಹೇಳಬೇಕಾದದ್ದೆಲ್ಲ ಹಿಂದಿನ ದಿನದ ದಾರಿಯಲ್ಲಿ ಕೂಡಿಬಂದಿರಬೇಕು. ನೀವು ಐದು ಗಂಟೆಗೆ ಏಳುವುದನ್ನು ಬಿಡಬೇಡಿ. ಆದರೆ ಕಚೇರಿಗೆ ಹೋಗಿಬರುವ ಬಸ್ಸಿನಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ ಎಂದು ಕೇಳಿಕೊಳ್ಳಿ. ನಿಮ್ಮ ಕಥೆಯ ಹೆಂಗಸು ಆ ಕಿಟಕಿಯಿಂದ ಏನನ್ನು ನೋಡುತ್ತಾಳೆ, ಟಿಕೆಟ್ಟಿನ ಚಿಲ್ಲರೆಗಾಗಿ ಕಂಡಕ್ಟರನನ್ನು ಕೇಳುತ್ತಾಳೋ ಸುಮ್ಮನಿರುತ್ತಾಳೋ ಎಂಬುದು ನಿಮಗೆ ಸಂಜೆಯೇ ತಿಳಿದಿದ್ದರೆ, ಬೆಳಗ್ಗೆ ಕಾಗದ ಅಷ್ಟು ಖಾಲಿಯಾಗಿ ಕಾಣುವುದಿಲ್ಲ.

ಪ್ರಶ್ನೆ: ಇಷ್ಟು ವೇಗವಾಗಿ ಬರೆಯುವವನಿಗೆ ತಿದ್ದಲು ಪುರುಸೊತ್ತೆಲ್ಲಿ? ಪಾತ್ರಗಳ ಮೇಲೆ ಮಮತೆಯಾದರೂ ಹೇಗೆ ಉಳಿಯುತ್ತದೆ?
— ಶಿಕ್ಷಕಿಯೊಬ್ಬರು, ಧಾರವಾಡ

ಉತ್ತರ: ಹಸ್ತಪ್ರತಿಯನ್ನು ಮೂರು ಸಲ, ಅಚ್ಚಿನ ಕರಡನ್ನು ಒಂದು ಸಲ ಓದುವುದು ಆತನ ಪದ್ಧತಿ. ರೈಲಿನಲ್ಲಿ ಹೋಗುವಾಗ ತೊಡೆಯ ಮೇಲಿನ ಹಲಗೆಯಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಹೆಂಡತಿ ಆಮೇಲೆ ಶುದ್ಧಪ್ರತಿ ಮಾಡಿಕೊಡುತ್ತಿದ್ದಳು. ಆಕೆಯ ಈ ಪರಿಶ್ರಮವನ್ನು ನಾವು ಇನ್ನಷ್ಟು ನೆನೆಯಬೇಕು.

ಮಮತೆಯ ವಿಷಯಕ್ಕೆ ಒಂದು ಪ್ರಸಂಗ ಸಾಕು. ಒಂದು ಬೆಳಗ್ಗೆ ಲಂಡನ್ನಿನ ಅಥೀನಿಯಮ್ ಕ್ಲಬ್ಬಿನಲ್ಲಿ ಆತ ಬರೆಯುತ್ತ ಕುಳಿತಿದ್ದಾಗ, ಇಬ್ಬರು ಪಾದ್ರಿಗಳು ಪತ್ರಿಕೆ ಹಿಡಿದುಕೊಂಡು, ಈ ಟ್ರಾಲಪ್ ಹಳೆಯ ಪಾತ್ರಗಳನ್ನೇ ಮತ್ತೆ ಮತ್ತೆ ತರುತ್ತಾನೆಂದು ದೂರುತ್ತ, ಬಿಷಪ್ಪನ ಹೆಂಡತಿ ಮಿಸೆಸ್ ಪ್ರೌಡಿಯನ್ನು ವಿಶೇಷವಾಗಿ ಹೀಗಳೆದರು. ಆತ ಎದ್ದು ಹೋಗಿ, ತಪ್ಪಿತಸ್ಥ ತಾನೇ ಎಂದು ಒಪ್ಪಿಕೊಂಡು, ವಾರ ಕಳೆಯುವುದರೊಳಗೆ ಅವಳನ್ನು ಕೊಲ್ಲುವುದಾಗಿ ಮಾತು ಕೊಟ್ಟ, ಕೊಟ್ಟಂತೆಯೇ ನಡೆದುಕೊಂಡ. ಆದರೆ ಆಮೇಲೆ ಎಷ್ಟೋ ಸಲ ಪಶ್ಚಾತ್ತಾಪಪಟ್ಟನೆಂದೂ, ಅವಳ ನೆರಳಿನ ಸಂಗದಲ್ಲಿ ತಾನು ಇನ್ನೂ ಬದುಕುತ್ತಿದ್ದೇನೆಂದೂ ಬರೆದುಕೊಂಡಿದ್ದಾನೆ. ದರ್ಪದ, ಯಾರಿಗೂ ಹಿತವಾಗದ ಆ ಹೆಂಗಸಿಗಾಗಿ ಹೀಗೆ ಮರುಗಿದವನನ್ನು ಯಂತ್ರವೆಂದು ಕರೆಯಲು ನನಗಂತೂ ಮನಸ್ಸು ಬಾರದು.

ಪ್ರಶ್ನೆ: ಕಾದಂಬರಿಯ ಕೊನೆ ಮೊದಲೇ ಗೊತ್ತಿರಬೇಕೇ?
— ವಿದ್ಯಾರ್ಥಿಯೊಬ್ಬ, ತುಮಕೂರು

ಉತ್ತರ: ಬೇಕೆಂದಿಲ್ಲ. ಟ್ರಾಲಪ್‌ನ ಸಮಕಾಲೀನನಾದ ವಿಲ್ಕಿ ಕಾಲಿನ್ಸ್ ಕಥೆಯ ಪ್ರತಿಯೊಂದು ಗಂಟನ್ನೂ ಮುಂಚೆಯೇ ಹಾಕಿಟ್ಟುಕೊಂಡು ಬರೆಯುವವನು. ಟ್ರಾಲಪ್ ಆ ಕೌಶಲವನ್ನು ಗೌರವದಿಂದ ಹೊಗಳಿ, ತಾನು ಮಾತ್ರ ಬರೆಯಲು ಕುಳಿತಾಗ ಕಥೆ ಹೇಗೆ ಮುಗಿಯುವುದೆಂದು ತಿಳಿದಿರುವುದಿಲ್ಲ, ಅದರ ಚಿಂತೆಯೂ ಅಷ್ಟಾಗಿ ಇರುವುದಿಲ್ಲ ಎಂದಿದ್ದಾನೆ. ಆತನಿಗೆ ಮೊದಲೇ ತಿಳಿದಿರುತ್ತಿದ್ದದ್ದು ಜನ. ಅವರು ಮುಂದೇನು ಮಾಡಿಯಾರು ಎಂಬುದನ್ನು ಅವರ ಜೊತೆ ನಡೆಯುತ್ತಲೇ ಕಂಡುಕೊಳ್ಳುತ್ತಿದ್ದ. ಪತ್ತೇದಾರಿ ಕಥೆಯನ್ನು ಬರೆಯುವುದಾದರೆ ನೀವು ಕಾಲಿನ್ಸನ ದಾರಿಯನ್ನು ಹಿಡಿಯಿರಿ.