ಅಪ್ಪನ ಬೀರುವಿನ ಮೇಲಿನ ಸ್ಟಿಕ್ಕರ್

ನಿನ್ನ ಉದ್ದದ ಮೆಸೇಜು ನಿನ್ನೆ ರಾತ್ರಿ ಓದಿದೆ ಕಣಪ್ಪ. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಪಕ್ಕದ ಶಾರ್ಟ್ ಪಂಪ್‌ಗೆ ಬಂದು ಆರು ವಾರ ಆಯ್ತು, ಮನೆ ಸಿಕ್ಕಿತು. ಈಗ ನೋಡಿದರೆ ಬೀದಿ ತುಂಬ ಹೆಸರಿನ ಬೋರ್ಡುಗಳು. ಸಂಜೆ ಯಾರೋ ಬಾಗಿಲು ತಟ್ಟಿ, ನಿನಗೆ ಗೊತ್ತೇ ಇಲ್ಲದ ಯಾರದೋ ಹೆಸರು ಕೇಳಿ, ಕರಪತ್ರ ಕೊಟ್ಟು ಹೋದರು. ಡಿಎಂವಿಯಲ್ಲಿ, ಅಂದರೆ ಇಲ್ಲಿನ ಆರ್‌ಟಿಓ ಆಫೀಸಿನಲ್ಲಿ, ಲೈಸೆನ್ಸ್ ಮಾಡಿಸಲು ಹೋದರೆ ಅಲ್ಲೂ ಓಟರ್ ಲಿಸ್ಟಿನ ಮಾತು. 'ಮಾವ, ಇದೇನು ಈ ಊರಿನ ಎಲೆಕ್ಷನ್ನು? ನಾನು ತಲೆ ಹಾಕಬಹುದಾ? ಚಂದಾ ಕೇಳ್ತಾರೆ, ಕೊಡಲಾ?' ಅಂತ ಕೇಳಿದ್ದೀಯ. ಜೊತೆಗೆ ಕುಕ್ಕರ್, ಕಾರು, ಕ್ರೆಡಿಟ್ ಕಾರ್ಡು.

ಸಣ್ಣವು ಮೊದಲು. ಅಮ್ಮ ಬರುವಾಗ ಕುಕ್ಕರಿನ ಗ್ಯಾಸ್ಕೆಟ್ ಎರಡು ತರಲಿ, ಕುಕ್ಕರ್ ಇಲ್ಲೇ ಸಿಗುತ್ತದೆ. ಅಕ್ಕಿ ಹೊತ್ತು ತರಬೇಡಿ. ಸಾರಿನ ಪುಡಿ ಮಾತ್ರ ಮನೆಯದೇ ಇರಲಿ. ಕಾರು ಹಳೆಯದು ತಗೋ, ಮೊದಲ ವರ್ಷ ಎಲ್ಲರೂ ಗೀಚಿಸಿಕೊಳ್ಳುತ್ತಾರೆ. ಕ್ರೆಡಿಟ್ ಕಾರ್ಡು ಒಂದೇ ಸಾಕು, ತಿಂಗಳು ತಿಂಗಳು ಪೂರ್ತಿ ಕಟ್ಟು. ಜಾಕೆಟ್ ಬಗ್ಗೆ ನಿನ್ನ ಅತ್ತೆ ಹೇಳುತ್ತಾಳೆ.

ಈಗ ಎಲೆಕ್ಷನ್. ನಾನು ಇದೇ ರಾಜ್ಯದ ನ್ಯೂಪೋರ್ಟ್ ನ್ಯೂಸ್‌ಗೆ ಬಂದಿದ್ದು 2003ರ ಅಕ್ಟೋಬರ್‌ನಲ್ಲಿ. ಹಿಂದಿನ ತಿಂಗಳಷ್ಟೇ ಇಸಬೆಲ್ ಚಂಡಮಾರುತ ಬಂದು ಹೋಗಿತ್ತು. ರಸ್ತೆ ಬದಿಯಲ್ಲಿ ಇನ್ನೂ ಮರ ಬಿದ್ದಿದ್ದವು. ಆ ಮರಗಳ ನಡುವೆ ಮನೆ ಮುಂದೆಲ್ಲ ಪುಟ್ಟ ಬೋರ್ಡು. ಹತ್ತು ಮನೆ ಮುಂದೆ ಒಂದೇ ಹೆಸರು. ನಾನು ಅದನ್ನು ಮನೆ ಯಜಮಾನರ ಹೆಸರು ಅಂದುಕೊಂಡೆ. ಅಣ್ಣತಮ್ಮಂದಿರೆಲ್ಲ ಒಂದೇ ಬೀದಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ, ಎಂಥ ಅನ್ಯೋನ್ಯ ಅಂತ ಅಪ್ಪನಿಗೆ ಫೋನಲ್ಲೂ ಹೇಳಿಬಿಟ್ಟೆ. ಎಲೆಕ್ಷನ್ ಮುಗಿದ ವಾರ ಬೋರ್ಡುಗಳೆಲ್ಲ ಮಾಯ. ಆಗ ಗೊತ್ತಾಯಿತು.

ವರ್ಜೀನಿಯಾದಲ್ಲಿ ಪ್ರತಿ ವರ್ಷವೂ ನವೆಂಬರ್‌ನಲ್ಲಿ ಒಂದಲ್ಲ ಒಂದು ಎಲೆಕ್ಷನ್ ಇರುತ್ತದೆ. ರಾಜ್ಯದ್ದು ಬೆಸ ಸಂಖ್ಯೆಯ ವರ್ಷದಲ್ಲಿ, ದೇಶದ್ದು ಸಮ ಸಂಖ್ಯೆಯದರಲ್ಲಿ. ನಮ್ಮ ವಿಧಾನಸಭೆಯ ಹಾಗೆ ಇಲ್ಲಿರುವುದು ಹೌಸ್ ಆಫ್ ಡೆಲಿಗೇಟ್ಸ್. 100 ಸೀಟು, ಎರಡೇ ವರ್ಷದ ಅವಧಿ. ಒಬ್ಬ ಡೆಲಿಗೇಟ್‌ಗೆ ಸುಮಾರು 85 ಸಾವಿರ ಜನ. ನಮ್ಮಲ್ಲಿ ಒಂದು ಕ್ಷೇತ್ರದ ಓಟರ್ ಲಿಸ್ಟೇ ಎರಡು ಲಕ್ಷ ದಾಟುತ್ತದೆ, ಅಲ್ವಾ? ಇನ್ನೊಂದು ಕೇಳಿದರೆ ನೀನು ನಗುತ್ತೀಯ. ಇದು ಪೂರ್ತಿ ಹೊತ್ತಿನ ಕೆಲಸವಲ್ಲ. ನಾನು ಹೇಳಹೊರಟಿರುವ 2017ರಲ್ಲಿ ಒಬ್ಬ ಡೆಲಿಗೇಟ್‌ನ ಸಂಬಳ ವರ್ಷಕ್ಕೆ 17,640 ಡಾಲರ್. ಎಸ್ಕಾರ್ಟು, ಹಿಂಬಾಲಕರು, ಹಾರ ಏನೂ ಇಲ್ಲ. ಅದಕ್ಕೇ ಕ್ಯಾಂಡಿಡೇಟೇ ಬಂದು ಬಾಗಿಲು ತಟ್ಟುತ್ತಾರೆ. ನಿನ್ನ ಮನೆಗೆ ಬಂದವರು ಕೇಳಿದ್ದು ಹಿಂದಿನ ಬಾಡಿಗೆಯವರ ಹೆಸರು ಇರಬೇಕು. ಅವರ ಕೈಯಲ್ಲಿರುವುದು ಹಳೇ ಲಿಸ್ಟು. ಹೆದರಬೇಡ. 'ನಾನು ಸಿಟಿಜನ್ ಅಲ್ಲ' ಅಂದರೆ ಮುಗುಳ್ನಕ್ಕು ಹೋಗುತ್ತಾರೆ.

ನಿನ್ನ ವೀಸಾದಲ್ಲಿ ಓಟು ಇಲ್ಲ, ಚಂದಾವೂ ಇಲ್ಲ. ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಚಂದಾ ಕೊಡಬಹುದು, ಓಟಿಗೆ ಮಾತ್ರ ಸಿಟಿಜನ್ ಆಗಲೇಬೇಕು. ಡಿಎಂವಿಯಲ್ಲಿ ಸಿಟಿಜನ್ ಹೌದಾ ಅಂತ ಕೇಳುವ ಕಡೆ 'ಇಲ್ಲ' ಅಂತ ಒತ್ತು. ಲಿಸ್ಟಿಗೆ ಸೇರಿಸುವ ಯಾವ ಕಾಗದಕ್ಕೂ ಸಹಿ ಹಾಕಬೇಡ. ಹಿಂದೆ ಜನ ನಿಂತಿದ್ದಾರೆ, ಬೇಗ ಮುಗಿಸೋಣ ಅಂತ ಸುಮ್ನೆ ಎಲ್ಲಕ್ಕೂ ಹೌದು ಒತ್ತುವ ಅಭ್ಯಾಸ ನಮ್ಮವರಿಗಿದೆ. ಆ ಒಂದು 'ಹೌದು' ಮುಂದೆ ಗ್ರೀನ್ ಕಾರ್ಡಿಗೆ ಕಲ್ಲು ಹಾಕುತ್ತದೆ, ದೇಶ ಬಿಡಿಸಲೂಬಹುದು. ಗೊತ್ತಿರಲಿಲ್ಲ ಅಂದರೆ ಕೇಳುವವರಿಲ್ಲ. ಇದನ್ನು ನಿನ್ನ ಹೆಂಡತಿಗೂ ಹೇಳು.

ಆಫೀಸಿನಲ್ಲಿ ಯಾವ ಪಾರ್ಟಿ ಅಂತ ಬಾಯಿ ಬಿಡಬೇಡ. ಊರಿನ ಟೀ ಅಂಗಡಿ ಕಟ್ಟೆಯ ಹಾಗಲ್ಲ ಇದು. ಇದು ಎರಡೂ ಕಡೆ ವಾಲುವ ರಾಜ್ಯ. 1964 ಆದಮೇಲೆ ಅಧ್ಯಕ್ಷರ ಎಲೆಕ್ಷನ್ನಿನಲ್ಲಿ ಇಲ್ಲಿ ಡೆಮಾಕ್ರಾಟ್ ಗೆದ್ದಿದ್ದೇ 2008ರಲ್ಲಿ, ಒಬಾಮ ಬಂದಾಗ. ಆಮೇಲೆ ಅತ್ತ ವಾಲಿತು ಅನ್ನುವಷ್ಟರಲ್ಲಿ 2021ರಲ್ಲಿ ರಿಪಬ್ಲಿಕನ್ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಗೆದ್ದರು. ಪಕ್ಕದ ಕುರ್ಚಿಯವನು ಯಾವ ಕಡೆಯೋ ನಿನಗೇನು ಗೊತ್ತು?

ನಿನ್ನ ಪ್ರಶ್ನೆಗೆ ಇಷ್ಟು ಸಾಕಿತ್ತು. ಆದರೆ 'ಸಿಟಿಜನ್ ಆದರೂ ಇಲ್ಲಿ ನಮ್ಮ ಒಂದು ಓಟಿಂದ ಏನಾಗುತ್ತೆ ಮಾವ?' ಅಂತ ಕೊನೆಯಲ್ಲಿ ಒಂದು ಸಾಲು ಬರೆದೆ ನೋಡು. ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ.

ನಮ್ಮ ಊರು ಸಂತೇಮರಹಳ್ಳಿ ಕ್ಷೇತ್ರಕ್ಕೆ ಸೇರಿತ್ತು, ನಿನಗೆ ಗೊತ್ತು. 2004ರಲ್ಲಿ ನೀನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದೆ. ಆ ಮೇ ತಿಂಗಳು ನಾನಿಲ್ಲಿ ಒಂದೇ ರೂಮಿನ ಮನೆಯಲ್ಲಿ, ಕಾಲಿಂಗ್ ಕಾರ್ಡಿನ ನಂಬರ್ ಕೆರೆದು ಕೆರೆದು ಊರಿಗೆ ಫೋನು ಮಾಡುತ್ತಿದ್ದ ಕಾಲ. ಎಣಿಕೆಯ ದಿನ ಅಪ್ಪ ಫೋನಿನಲ್ಲಿ ಹಲೋ ಕೂಡ ಅನ್ನಲಿಲ್ಲ. 'ಒಂದು ಓಟು ಕಣೋ! ಒಂದೇ ಒಂದು!' ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಡ್ರೈವರ್‌ಗೇ ಓಟು ಹಾಕಲು ಬಿಡುವು ಸಿಗಲಿಲ್ಲ ಅನ್ನುವ ಮಾತು ಊರೆಲ್ಲ ಹಬ್ಬಿತು. ಅಪ್ಪ ಮೇಷ್ಟ್ರಾಗಿ ಮೂವತ್ತು ವರ್ಷ ಎಲೆಕ್ಷನ್ ಡ್ಯೂಟಿ ಮಾಡಿದವರು. ರಾತ್ರಿಯೆಲ್ಲ ಶಾಲೆಯ ಬೆಂಚಿನ ಮೇಲೆ ಮಲಗಿ, ಬ್ಯಾಲೆಟ್ ಪೆಟ್ಟಿಗೆ ತಬ್ಬಿಕೊಂಡು ಲಾರಿಯಲ್ಲಿ ಬಂದವರು. ಅವರಿಗೆ ಅದು ತಮ್ಮ ಮನೆಯ ಮದುವೆಯಷ್ಟೇ ಸಂಭ್ರಮ. ಯಾರಿಗೆ ಹಾಕಿದಿರಿ ಅಂತ ಕೇಳಿದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಎಷ್ಟೋ ವರ್ಷ, ನಾನು ಏನನ್ನಾದರೂ ಉದಾಸೀನ ಮಾಡಿದರೆ 'ಸಂತೇಮರಹಳ್ಳಿ' ಅಂತ ಒಂದೇ ಮಾತು ಅನ್ನುತ್ತಿದ್ದರು. ಕರೆಂಟ್ ಬಿಲ್ಲು ಕಟ್ಟಲು ತಡ ಮಾಡಿದರೂ ಅದೇ.

ಇಂಥ ಮನೆಯಿಂದ ಬಂದವನು ನಾನು. ಇನ್ನು ನಾನು ಮಾಡಿದ್ದು ಕೇಳು.

2016ರಲ್ಲಿ ಸಿಟಿಜನ್ ಆದೆ. ಅದೇ ವರ್ಷ ಅಧ್ಯಕ್ಷರ ಎಲೆಕ್ಷನ್ನಿಗೆ ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿ ಓಟು ಹಾಕಿದೆ. ಮರುವರ್ಷ, 2017ರ ನವೆಂಬರ್ 7, ಗವರ್ನರ್ ಮತ್ತು ಡೆಲಿಗೇಟ್‌ಗಳ ಎಲೆಕ್ಷನ್. ನನ್ನದು 94ನೇ ಕ್ಷೇತ್ರ. ಹಾಲಿ ಡೆಲಿಗೇಟ್ ರಿಪಬ್ಲಿಕನ್ ಪಾರ್ಟಿಯ ಡೇವಿಡ್ ಯಾನ್ಸಿ. ಎದುರಿಗೆ ಡೆಮಾಕ್ರಾಟ್ ಶೆಲ್ಲಿ ಸೈಮಂಡ್ಸ್, ಊರಿನ ಸ್ಕೂಲ್ ಬೋರ್ಡಿನ ಮೆಂಬರು. ಟಿವಿಯವರೆಲ್ಲ ಮಾತಾಡುತ್ತಿದ್ದದ್ದು ಗವರ್ನರ್ ಬಗ್ಗೆ. ಈ ಸೀಟಿನ ಕಡೆ ನಾನಂತೂ ಗಮನ ಕೊಡಲಿಲ್ಲ.

ಓಟಿನ ಹೊತ್ತು ಬೆಳಗ್ಗೆ 6ರಿಂದ ಸಂಜೆ 7. ನಾನು ಬೂತಿನ ಶಾಲೆ ಮುಟ್ಟಿದಾಗ ಆರೂ ಮುಕ್ಕಾಲು. ಆಗ ಫೋಟೋ ಐಡಿ ತೋರಿಸಬೇಕಿತ್ತು. ಜೇಬು ಮುಟ್ಟಿ ನೋಡಿದರೆ ಪರ್ಸು ಇಲ್ಲ, ಆಫೀಸಿನ ಡ್ರಾಯರಿನಲ್ಲಿ ಬಿಟ್ಟು ಬಂದಿದ್ದೇನೆ. (ಅಂದರೆ ಲೈಸೆನ್ಸ್ ಇಲ್ಲದೆ ಕಾರು ಓಡಿಸಿಕೊಂಡು ಬಂದಿದ್ದೆ. ನೀನು ಹಾಗೆ ಮಾಡಬೇಡ.) ಟೇಬಲ್ ಹಿಂದೆ ಕೂತಿದ್ದ ಅಜ್ಜಿ ಬಹಳ ಒಳ್ಳೆಯವರು. 'ಪರವಾಗಿಲ್ಲ, ಪ್ರೊವಿಷನಲ್ ಬ್ಯಾಲೆಟ್ ಅಂತ ಇದೆ. ಈಗ ಓಟು ಹಾಕಿ ಹೋಗಿ, ಐಡಿಯ ಕಾಪಿಯನ್ನು ಕೆಲವು ದಿನದೊಳಗೆ ಕಳಿಸಿದರೆ ಎಣಿಸುತ್ತಾರೆ' ಅಂದರು. ಫಾರಂ ಕೂಡ ಕೈಗೆತ್ತಿಕೊಂಡರು. ನನ್ನ ಹಿಂದೆ ನಾಲ್ಕು ಜನ. ಮಗಳು ಈಜು ಕ್ಲಾಸಿನ ಹತ್ತಿರ ಕಾಯುತ್ತಿದ್ದಾಳೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಪರದೇಶದಲ್ಲಿ ಕೌಂಟರಿನ ಮುಂದೆ ನಿಂತಾಗ ನಮಗೊಂದು ಸಂಕೋಚ ಬರುತ್ತದಲ್ಲ, ಇವರಿಗೆ ತೊಂದರೆ ಕೊಡುತ್ತಿದ್ದೇನೆ ಅಂತ. ಹದಿನಾಲ್ಕು ವರ್ಷ ಆದರೂ, ಪಾಸ್‌ಪೋರ್ಟ್ ಬದಲಾದರೂ ಅದು ಹೋಗಿರಲಿಲ್ಲ. 'ಇರಲಿ ಬಿಡಿ, ಥ್ಯಾಂಕ್ಸ್' ಅಂದು ಹೊರಗೆ ಬಂದೆ.

ಮೊದಲ ಎಣಿಕೆ ಮುಗಿದಾಗ ಯಾನ್ಸಿ ಮುಂದು, ಹತ್ತೇ ಹತ್ತು ಓಟಿನಿಂದ. ಆಗಲೇ ಹೊಟ್ಟೆಯಲ್ಲಿ ಒಂಥರಾ ಆಯಿತು. ಡಿಸೆಂಬರ್ 19ಕ್ಕೆ ಮರುಎಣಿಕೆ ಮುಗಿದಾಗ ಸೈಮಂಡ್ಸ್ ಒಂದು ಓಟು ಮುಂದು. 11,608 ಮತ್ತು 11,607. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕೈಯಲ್ಲಿದ್ದ ಚಮಚ ಹಾಗೇ ಹಿಡಿದು ಕೂತೆ. ಸಂತೇಮರಹಳ್ಳಿ! ಮುಗಿಯಿತು ಅಂದುಕೊಂಡರೆ ಮಾರನೇ ದಿನ ಮೂವರು ಜಡ್ಜುಗಳ ಮುಂದೆ ಒಂದು ಬ್ಯಾಲೆಟ್ ಬಂತು. ಯಾರೋ ಪುಣ್ಯಾತ್ಮ ಎರಡೂ ಹೆಸರಿನ ಮುಂದಿನ ಸುತ್ತು ತುಂಬಿ, ಸೈಮಂಡ್ಸ್ ಕಡೆಯದರ ಮೇಲೆ ಒಂದು ಗೀಟು ಎಳೆದಿದ್ದ. ಜಡ್ಜುಗಳು ಅದನ್ನು ಯಾನ್ಸಿಗೆ ಎಣಿಸಿದರು. ಇಬ್ಬರಿಗೂ 11,608. ಟೈ.

ಈ ಒಂದು ಸೀಟಿನ ಮೇಲೆ ಇಡೀ ಸದನ ನಿಂತಿತ್ತು. ಎಲೆಕ್ಷನ್ನಿಗೆ ಮುಂಚೆ ರಿಪಬ್ಲಿಕನ್ನರು 66, ಡೆಮಾಕ್ರಾಟರು 34 ಇದ್ದರು. ಈಗ ಸೈಮಂಡ್ಸ್ ಗೆದ್ದರೆ 50–50, ಯಾನ್ಸಿ ಗೆದ್ದರೆ 51–49.

ಟೈ ಆದರೆ ಕಾನೂನಿನ ಪ್ರಕಾರ ಚೀಟಿ ಎತ್ತಬೇಕು. ನಮ್ಮ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಮಾಡುತ್ತಾರಲ್ಲ, ಅದೇ. ನಾವು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಕುಲುಕಿ ಮಗುವಿನ ಕೈಲಿ ಎತ್ತಿಸುತ್ತೇವೆ. ಇವರು ಮ್ಯೂಸಿಯಮ್ಮಿನಿಂದ ನೀಲಿ ಬಿಳಿ ಬಣ್ಣದ ಒಂದು ಪಿಂಗಾಣಿ ಬೋಗುಣಿ ತಂದರು. ಹಳೇ ಕ್ಯಾಮೆರಾದ ಫಿಲ್ಮ್ ರೋಲಿನ ಡಬ್ಬಿ ಎರಡು, ಒಂದೊಂದರಲ್ಲಿ ಒಂದೊಂದು ಹೆಸರು. 2018ರ ಜನವರಿ 4. ಅವತ್ತು ನಮ್ಮ ಕಡೆ ಭಾರಿ ಹಿಮಗಾಳಿ, ಆಫೀಸಿಗೆ ರಜೆ. ಮನೆಯಲ್ಲಿ ಕಂಬಳಿ ಹೊದ್ದು, ಕಾಫಿ ಲೋಟ ಹಿಡಿದು, ರಿಚ್ಮಂಡ್‌ನಿಂದ ಲೈವ್ ನೋಡಿದೆ. ಚುನಾವಣಾ ಮಂಡಳಿಯ ಅಧ್ಯಕ್ಷ ಜೇಮ್ಸ್ ಆಲ್ಕಾರ್ನ್ ಒಂದು ಡಬ್ಬಿ ಎತ್ತಿ ಓದಿದರು. ಡೇವಿಡ್ ಯಾನ್ಸಿ.

ನಾನು ಯಾರಿಗೆ ಹಾಕಬೇಕು ಅಂತಿದ್ದೆ ಅಂತ ಕೇಳಬೇಡ. ಅಪ್ಪನ ಮಗ ನಾನು, ಹೇಳುವುದಿಲ್ಲ. ಯಾರಿಗೆ ಹಾಕಿದ್ದರೂ ಆ ಬೋಗುಣಿ ಬೇಕಾಗುತ್ತಿರಲಿಲ್ಲ, ಅಷ್ಟೇ.

ಅದರಿಂದ ಲೋಕವೇನೂ ಮುಳುಗಲಿಲ್ಲ. ಆ ವರ್ಷದ ದೊಡ್ಡ ಜಗಳ ಬಡವರ ಆರೋಗ್ಯ ವಿಮೆ, ಮೆಡಿಕೇಡ್ ವಿಸ್ತರಣೆಯದು. 51–49ರ ಸದನದಲ್ಲೇ ಕೆಲವು ರಿಪಬ್ಲಿಕನ್ನರೂ ಕೈಜೋಡಿಸಿ 2018ರಲ್ಲಿ ಅದು ಪಾಸಾಯಿತು. 2019ರಲ್ಲಿ ಅವರಿಬ್ಬರೇ ಮತ್ತೆ ನಿಂತರು, ಸೈಮಂಡ್ಸ್ ಗೆದ್ದರು. ಊರಿನ ಕೃಷ್ಣಮೂರ್ತಿ ಅವರೂ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ವಿಧಾನಸಭೆಗೆ ಹೋದರು. ಸಂತೇಮರಹಳ್ಳಿ ಕ್ಷೇತ್ರವೇ ಈಗಿಲ್ಲ, ನಮ್ಮ 94ರ ಗಡಿಯೂ ನಂಬರೂ ಬದಲಾಗಿವೆ. ಎರಡೂ ನಕ್ಷೆಯಿಂದ ಹೋದವು.

ಹೋಗದೇ ಇರುವುದು ಇನ್ನೊಂದಿದೆ. ಚೀಟಿ ಎತ್ತಿದ ಸುದ್ದಿ ಊರಿನವರೆಗೂ ಮುಟ್ಟಿತು. ಅಪ್ಪ ವಿಡಿಯೋ ಕಾಲಿಗೆ ಬಂದರು, ಕನ್ನಡಕ ಹಣೆಯ ಮೇಲೆ, ಮುಖ ತುಂಬ ನಗು. 'ಅದು ನಿಮ್ಮ ಊರೇ ಅಲ್ವೇನೋ? ಟೈ ಆಗಿರೋದು ಅಂದ್ರೆ, ನೀನು ಹಾಕ್ದೆ ಇದ್ದಿದ್ರೆ ನಿನ್ನ ಕ್ಯಾಂಡಿಡೇಟು ಅಲ್ಲೇ ಸೋತೋಗ್ತಿದ್ದ! ನೀನು ಹಾಕಿದ್ದೆ ತಾನೇ?' ಅಂದರು.

'ಹಾಕಿದ್ದೆ ಅಪ್ಪ' ಅಂದೆ.

ಅಷ್ಟಕ್ಕೇ ಬಿಡಲಿಲ್ಲ ಅವರು. ಆ ಮೇ ತಿಂಗಳು ಕರ್ನಾಟಕದ ಎಲೆಕ್ಷನ್. ಶಾಯಿ ಹಚ್ಚಿದ ಬೆರಳನ್ನು ಫೋನಿಗೆ ಒತ್ತಿ ಹಿಡಿದು ತೋರಿಸಿದರು. ಮೈಸೂರಿನಲ್ಲೇ ಮಾಡುವ ಶಾಯಿ ಅಂತ ಅವರಿಗೆ ಬೇರೆ ಜಂಬ. ನಿಮ್ಮಲ್ಲಿ ಏನು ಹಚ್ಚುತ್ತಾರೆ ಅಂದರು. ಶಾಯಿ ಇಲ್ಲ, ಸ್ಟಿಕ್ಕರ್ ಕೊಡುತ್ತಾರೆ ಅಂದೆ. 'ಬರುವಾಗ ನಿನ್ನದು ತಗೊಂಡು ಬಾ.' ಆ ನವೆಂಬರ್‌ನಲ್ಲಿ ಬೆಳಗ್ಗೆ ಆರಕ್ಕೇ ಹೋಗಿ ಬಾಗಿಲಲ್ಲಿ ನಿಂತು ಓಟು ಹಾಕಿದೆ. ಸಿಕ್ಕ ಸ್ಟಿಕ್ಕರನ್ನು ಡಿಸೆಂಬರ್‌ನಲ್ಲಿ ಊರಿಗೆ ಒಯ್ದೆ. ಅಪ್ಪ ಅದು ಟೈ ಆದ ಎಲೆಕ್ಷನ್ನಿನದೇ ಅಂದುಕೊಂಡು ಬೀರುವಿನ ಬಾಗಿಲಿಗೆ ಅಂಟಿಸಿದರು. ಮನೆಗೆ ಬಂದವರಿಗೆಲ್ಲ ತೋರಿಸಿ ಕಥೆ ಹೇಳಿದರು. ನಾನು ಪಕ್ಕದಲ್ಲೇ ಕೂತು ಚಕ್ಕುಲಿ ತಿಂದೆ.

ಅಪ್ಪ ಹೋಗಿದ್ದು 2020ರಲ್ಲಿ, ವಿಮಾನಗಳಿಲ್ಲದ ಕಾಲ. ಹೇಳಬೇಕು ಅಂತಿದ್ದದ್ದು ಹಾಗೇ ಉಳಿಯಿತು. ಕಳೆದ ಸಲ ಹೋದಾಗ ಬೀರು ತೆಗೆದೆ. ಅಂಚು ಸ್ವಲ್ಪ ಎದ್ದಿದೆ, ಬಣ್ಣ ಮಾಸಿದೆ, ಆದರೆ ಅಲ್ಲೇ ಇದೆ. ಅಮ್ಮ ಧೂಳು ಒರೆಸುವಾಗ ಅದೊಂದರ ಸುತ್ತ ಒರೆಸುತ್ತಾಳೆ.

ಈಗ ಇಲ್ಲಿ ಫೋಟೋ ಐಡಿಯೇ ಬೇಕು ಅಂತಿಲ್ಲ, ಕಾರಣ ಹೇಳದೆ 45 ದಿನ ಮುಂಚೆಯೇ ಓಟು ಹಾಕಬಹುದು. ನಿನ್ನ ಕಾಲ ಬರುವಷ್ಟರಲ್ಲಿ ಇನ್ನೇನೇನು ಬದಲಾಗಿರುತ್ತದೋ. ಸದ್ಯಕ್ಕೆ ಡಿಎಂವಿಯವರು ಕೊಟ್ಟ ಕಾಗದಗಳ ಫೋಟೋ ತೆಗೆದು ಇವತ್ತೇ ಕಳಿಸು. ಈಗಾಗಲೇ ಯಾವುದಕ್ಕಾದರೂ ಸಹಿ ಹಾಕಿದ್ದರೆ ಮುಚ್ಚಿಡದೆ ಹೇಳು. ಬೈಯುವುದಿಲ್ಲ, ವಕೀಲರೊಬ್ಬರು ಗೊತ್ತು. ಶನಿವಾರ ಇಬ್ಬರೂ ಬನ್ನಿ, ಒಂದು ಗಂಟೆ ಚಿಲ್ಲರೆ ದಾರಿ ಅಷ್ಟೇ. ಅತ್ತೆ ಮುದ್ದೆ, ಉಪ್ಸಾರು ಮಾಡುತ್ತಾಳಂತೆ.